ವೀಚಾಳ ಹಾಲಿಗೆ ಬಾರದ ವ್ಯಾನು

ಎದುವೀಹೆಸ್ ಅಂತ ಅವಳ ಹೆಸರು, ಊರಿನವರ ಬಾಯಲ್ಲಿ ವೀಚಾ. ನಮ್ಮೂರು ಎಲ್ ಮಂಗ್ಲಿತೊದಲ್ಲಿ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಅವಳ ಹಿತ್ತಿಲು. ಅವಳ ಅಂಗಳದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಸಮುದ್ರದ ಅಂಚಿನಲ್ಲಿ ಅಣು ಸ್ಥಾವರದ ಬೂದುಬಣ್ಣದ ಕಟ್ಟಡಗಳು ಕಾಣುತ್ತವೆ. ಅವು ಅವಳ ಕಣ್ಣು ಚುಚ್ಚಿದ್ದು ಕಡಿಮೆ. ಅವಳ ಕಣ್ಣು ಚುಚ್ಚುತ್ತಿದ್ದದ್ದು ಮುಳ್ಳುತಂತಿಯ ಆಚೆ ಪಕ್ಕದ ಮನೆಯ ರೆಮೀಹಿಯಾಳ ಗೇಟು.

ಆ ಗೇಟಿಗೆ ತಿಂಗಳಿಗೊಮ್ಮೆ ಸೋಮವಾರ ಸ್ಥಾವರದ ಬಿಳಿ ವ್ಯಾನು ಬರುತ್ತಿತ್ತು. ಅದರಿಂದ ಬೊಜ್ಜಿನ ಅಬುಂದಿಯೊ ಇಳಿದು, ರೆಮೀಹಿಯಾಳ ಒಂದೇ ಒಂದು ಹಸು ಪಲೋಮಾಳ ಹಾಲನ್ನು ಬಾಟಲಿಗೆ ತುಂಬಿಸಿಕೊಂಡು, ಚೀಟಿ ಅಂಟಿಸಿ, ವಿಕಿರಣದ ಪರೀಕ್ಷೆಗೆ ಒಯ್ಯುತ್ತಿದ್ದ. ಸುತ್ತಲಿನ ಹುಲ್ಲು, ಮೀನು, ಬಾಳೆಹಣ್ಣು ಎಲ್ಲವನ್ನೂ ಹೀಗೆಯೇ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಒಯ್ಯುತ್ತಿದ್ದರು. ಹಾಲಿಗೆ ಮಾತ್ರ ನಮ್ಮೂರಲ್ಲಿ ರೆಮೀಹಿಯಾಳ ಮನೆಯೊಂದೇ.

ಮೊದಮೊದಲು ಜನ ಅಯ್ಯೋ ಅಂದರು. ಅವಳ ಹುಲ್ಲಿನಲ್ಲೇ ಏನೋ ಇರಬೇಕು, ಇಲ್ಲದಿದ್ದರೆ ಅವಳ ಮನೆಗೇ ಯಾಕೆ ಬರುತ್ತಾರೆ ಅಂದುಕೊಂಡು ವೀಚಾಳ ಹತ್ತಿರ ಹಾಲು, ಚೀಸು ಕೊಂಡರು. ವೀಚಾಳ ಕನೇಲಾ ಹಸುವಿನ ಹಾಲಿನ ಚೀಸನ್ನು ಬಾಳೆಲೆಯಲ್ಲಿ ಸುತ್ತಿಟ್ಟರೆ ಸಂಜೆಯೊಳಗೆ ಖಾಲಿ. ಆಮೇಲೆ ಗಾಳಿ ತಿರುಗಿತು. ಏನಾದರೂ ಇದ್ದಿದ್ದರೆ ಮೊದಲು ರೆಮೀಹಿಯಾಳ ಹಾಲನ್ನೇ ನಿಲ್ಲಿಸುತ್ತಿದ್ದರಲ್ಲ, ಪರೀಕ್ಷೆ ಆಗುವುದು ಅವಳದೊಂದೇ ಅಲ್ಲವೇ ಅಂತ ಜನ ಅವಳ ಗೇಟಿನ ಮುಂದೆ ಚೆಂಬು ಹಿಡಿದು ನಿಂತರು. ರೆಮೀಹಿಯಾಳ ನಡಿಗೆಯೇ ಬದಲಾಯಿತು.

"ಕೊಮಾದ್ರೆ, ನಿನ್ನ ಚೀಸು ರುಚಿ ಕಣೇ," ಅನ್ನುತ್ತಿದ್ದಳು ತಂತಿಯ ಮೇಲಿಂದ. "ಪರೀಕ್ಷೆ ಒಂದು ಆಗಿದ್ದಿದ್ರೆ."

ಅವರಿಬ್ಬರೂ ಕೊಮಾದ್ರೆಯರು. ವೀಚಾಳ ಮಗಳು ನೆರೇಯ್ದಾಳ ನಾಮಕರಣದ ದಿನ ಚರ್ಚಿನಲ್ಲಿ ಧರ್ಮತಾಯಿಯಾಗಿ ನಿಂತವಳು ಇದೇ ರೆಮೀಹಿಯಾ. ಆ ಸಂಬಂಧ ಒಮ್ಮೆ ಬೆಳೆದರೆ ಬಿಡಿಸಿಕೊಳ್ಳುವ ಹಾಗಿಲ್ಲ. ಬೈದುಕೊಂಡರೂ ಕೊಮಾದ್ರೆ ಅಂದೇ ಬೈಯಬೇಕು.

ವೀಚಾ ಗೇಟಿಗೆ ನೀಲಿ ಬಣ್ಣ ಬಳಿದಳು. ಸೋಮವಾರಗಳಲ್ಲಿ ಕನೇಲಾಳ ಮೈ ತೊಳೆದು ರಸ್ತೆಯ ಪಕ್ಕದಲ್ಲೇ ಕಟ್ಟಿದಳು. ಅಬುಂದಿಯೊನನ್ನು ತಡೆದು ಬೆಲ್ಲ ಹಾಕಿದ ಕಾಫಿ, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ತಮಾಲೆ ಕೊಟ್ಟಳು. ಅವನು ತಮಾಲೆ ತಿಂದ, ಸಿಪ್ಪೆಯನ್ನು ಮಡಿಸಿಟ್ಟ, ಕೈ ಒರೆಸಿಕೊಂಡ.

"ದೊನ್ಯಾ ವೀಚಾ, ತುಂಬಾ ಚೆನ್ನಾಗಿದೆ."

"ನನ್ನ ಹಾಲೂ ಚೆನ್ನಾಗಿದೆ. ಒಂದು ಬಾಟಲಿ ತಗೊಂಡು ಹೋಗಿ."

"ಜಾಗ ನಾನು ಗೊತ್ತು ಮಾಡೋದಲ್ಲ. ಮೇಲಿನವರು ಮಾಡಿದ್ದು. ಒಂದೇ ಮನೆ, ಒಂದೇ ಹುಲ್ಲು, ಪ್ರತಿ ತಿಂಗಳೂ ಅದೇ ಇರ್ಬೇಕು."

"ಅವಳ ಹಸು ಮೇಯೋ ಹುಲ್ಲು ನನ್ನ ಹಸು ಮೇಯೋ ಹುಲ್ಲಿನ ತಂಗಿ ಕಣಪ್ಪಾ. ನಡುವೆ ಒಂದು ತಂತಿ."

ಅಬುಂದಿಯೊ ನಕ್ಕು ತಂತಿಯ ಆಚೆ ಹೋದ.

ಇದನ್ನೆಲ್ಲ ವೀಚಾ ತಡೆದುಕೊಳ್ಳುತ್ತಿದ್ದಳೇನೋ. ಆದರೆ ನೆರೇಯ್ದಾ ಮಗಳನ್ನು ಕರೆದುಕೊಂಡು ಊರಿಗೆ ಬಂದಳು. ಮಗು ಸೋಯ್ಲಿತಾಗೆ ಎರಡು ವರ್ಷ ತುಂಬಿರಲಿಲ್ಲ, ಮೈಯಲ್ಲಿ ಮಾಂಸವಿರಲಿಲ್ಲ. ಬಂದ ಮಾರನೆಯ ಬೆಳಿಗ್ಗೆ ನೆರೇಯ್ದಾ ಹಾಲಿನ ಮುಂದೆ ನಿಂತುಕೊಂಡು ಕೇಳಿದಳು.

"ಅಮ್ಮಾ, ಇದರಲ್ಲಿ ಏನೂ ಇಲ್ಲ ತಾನೇ?"

ವೀಚಾಳ ಗಂಡ ಕ್ರೆಸೆನ್ಸಿಯೊ ರಕ್ತದ ಕಾಯಿಲೆಯಿಂದ ಸತ್ತಿದ್ದ. ಆಗ ಚರ್ಚಿನ ಚಾವಡಿಯಲ್ಲಿ ಸಭೆ ನಡೆದಿತ್ತು. ನಗರದಿಂದ ಬಂದ ಡಾಕ್ಟರಮ್ಮ, ಬೇರೆ ದೇಶಗಳಲ್ಲಿ ಇಂಥ ಸ್ಥಾವರಗಳ ಹತ್ತಿರ ಮಕ್ಕಳಿಗೆ ಈ ಕಾಯಿಲೆ ಹೆಚ್ಚು ಕಂಡ ಕಡೆಯೂ ಉಂಟು, ಕಾಣದ ಕಡೆಯೂ ಉಂಟು ಅಂದಳು. ಸ್ಥಾವರದ ಕಡೆಯವನು, ಬಿಸಿಲು ಮತ್ತು ಕಲ್ಲು ಕೊಡುವ ವಿಕಿರಣಕ್ಕಿಂತ ನಾವು ಕೊಡುವುದು ಕಡಿಮೆ ಅಂದ. ವೀಚಾ ಎದ್ದು ನಿಂತು, "ಹಾಗಾದ್ರೆ ನನ್ನ ಗಂಡಂಗೆ ಬಂದಿದ್ದು ಯಾವುದರಿಂದ?" ಅಂದಳು. ಅವನು ಡಾಕ್ಟರಮ್ಮನನ್ನು ನೋಡಿದ, ಅವಳು ಅವನನ್ನು ನೋಡಿದಳು. ಅಂಥವಳು ಮಗಳ ಪ್ರಶ್ನೆಗೆ ಏನು ಹೇಳಬೇಕು?

"ಗೊತ್ತಿಲ್ಲ ಮಗಳೇ. ನಾನಂತೂ ಕುಡೀತಿದೀನಿ."

ನೆರೇಯ್ದಾ ಆ ಲೋಟವನ್ನು ಮುಚ್ಚಿಟ್ಟಳು. ಚೆಂಬು ಹಿಡಿದು ಧರ್ಮತಾಯಿಯ ಗೇಟಿಗೆ ಹೋದಳು. "ಶುದ್ಧ ಕಣೇ ಮಗಳೇ, ಕಣ್ಣು ಮುಚ್ಕೊಂಡು ಕುಡಿಸು," ಅಂದ ರೆಮೀಹಿಯಾಳ ಮಾತು ವೀಚಾಳ ಅಡುಗೆಮನೆಯವರೆಗೂ ಕೇಳಿಸಿತು. ಅವತ್ತಿನಿಂದ ವೀಚಾಳ ಮೊಮ್ಮಗಳು ವೀಚಾಳ ಮನೆಯಲ್ಲೇ ಕೂತು ಪಕ್ಕದ ಮನೆಯ ಹಾಲು ಕುಡಿದಳು. "ನನ್ನ ಎದೆಹಾಲು ಕುಡಿದು ಬೆಳೆದೋಳು ಇವಳು," ಅಂತ ನನ್ನ ಹತ್ತಿರ ಹೇಳಿದಳು. "ಈಗ ಅವಳ ಮಗಳಿಗೆ ನನ್ನ ಹಸೂನೂ ಆಗಲ್ವಂತೆ. ಆ ರೆಮೀಹಿಯಾಳ ಹಸೂಗೆ ಕೆಚ್ಚಲು ಬತ್ತಿಹೋಗ್ಲಿ."

ಫೆಬ್ರವರಿಯ ಕಾಂದೆಲಾರಿಯಾ ಹಬ್ಬ ಕಳೆದ ಮೇಲೆ ರೆಮೀಹಿಯಾ ಕತ್ತಲು ಹರಿಯುವ ಮುಂಚೆ ತಂತಿಯ ಹತ್ತಿರ ಬಂದು ಹಾಲು ಕೇಳತೊಡಗಿದಳು.

"ಯಾಕೆ, ಪರೀಕ್ಷೆ ಆದ ಹಸು ಸಾಲ್ತಿಲ್ವಾ?"

"ಗಿರಾಕಿ ಜಾಸ್ತಿ ಕೊಮಾದ್ರೆ. ಚೀಸಿಗೆ ನಿಂದು ಹಾಕ್ತೀನಿ."

ವೀಚಾ ಅಂಚು ಸಿಡಿದ ತನ್ನ ನೀಲಿ ಹೂಜಿಯಲ್ಲಿ ಹಾಲು ಕೊಟ್ಟಳು. ಎದುರಾಳಿಗೇ ತನ್ನ ಹಾಲು ಬೇಕಾಯಿತಲ್ಲ ಅಂತ ಒಂದಿಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಈಸ್ಟರ್ ಮುಗಿದ ಮೇಲಿನ ಒಂದು ಸೋಮವಾರ ಅವಳು ತಂತಿಯ ಪಕ್ಕ ಬಟ್ಟೆ ಹರವುತ್ತಿದ್ದಳು. ಆಚೆ ವ್ಯಾನು ನಿಂತಿತ್ತು. ನೆರೇಯ್ದಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಚೆಂಬು ಹಿಡಿದು ಕಾಯುತ್ತಿದ್ದಳು. ರೆಮೀಹಿಯಾ ಒಳಗಿಂದ ಹಾಲು ತಂದು ಅಬುಂದಿಯೊನ ಬಾಟಲಿಗೆ ಹೊಯ್ದಳು, ಉಳಿದದ್ದನ್ನು ನೆರೇಯ್ದಾಳ ಚೆಂಬಿಗೆ ಹೊಯ್ದಳು. ಹೊಯ್ದದ್ದು ಅಂಚು ಸಿಡಿದ ನೀಲಿ ಹೂಜಿಯಿಂದ.

ವೀಚಾ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು, ಲಂಗ ಹರಿಯುವುದನ್ನೂ ನೋಡದೆ ತಂತಿಯೊಳಗೆ ನುಗ್ಗಿದಳು.

"ಪಲೋಮಾ ಎಲ್ಲೇ?"

"ಮೇಯಕ್ಕೆ..."

"ಕೊಟ್ಟಿಗೇಲಿ ಮಲಗಿದೆ, ತುಂಬು ಬಸುರಿ. ಕೆಚ್ಚಲು ಬತ್ತಿ ಎಷ್ಟು ಕಾಲ ಆಯ್ತು ಹೇಳು! ಹಬ್ಬದಿಂದ ಈಚೆಗೆ ಬಾಟಲಿಗೆ ಹೋಗಿದ್ದೆಲ್ಲ ನನ್ನ ಕನೇಲಾ ಹಾಲು. ಈ ಮಗು ಕುಡಿದಿದ್ದೂ ಅದೇ."

ರೆಮೀಹಿಯಾ ಹೊದ್ದ ಶಾಲನ್ನು ಬಾಯಿಗೆ ಒತ್ತಿಕೊಂಡಳು. "ಹಾಲಿಲ್ಲ ಅಂದ್ರೆ ವ್ಯಾನು ಬೇರೆ ಮನೆಗೆ ಹೋಗುತ್ತೆ ಅಂದಿದ್ರು ಕೊಮಾದ್ರೆ. ನಿನ್ನ ಮನೆಗೆ ಹೋಗಿಬಿಡುತ್ತೆ ಅಂತ..."

"ಇರಲಿ. ಪರೀಕ್ಷೆ ಏನು ಹೇಳಿತು? ಅದನ್ನಾದ್ರೂ ಹೇಳು."

"ನಂಗೇನು ಗೊತ್ತು?"

"ಗೊತ್ತಿಲ್ವಾ? ಊರಿಗೆಲ್ಲ ಶುದ್ಧ ಶುದ್ಧ ಅಂತ ಸಾರಿದ್ಯಲ್ಲೇ!"

"ಕೇಳಬಹುದು ಅಂತ ಇವರು ಮೊದಲ ದಿನಾನೇ ಹೇಳಿದ್ರು. ಕೇಳಿದ್ರೆ ಏನಾದ್ರೂ ಹೇಳಿಬಿಟ್ರೆ? ಕೇಳಲಿಲ್ಲ."

ವೀಚಾ ಅಬುಂದಿಯೊನ ಕಡೆ ತಿರುಗಿದಳು. "ನಾನು ಕೇಳ್ತಿದೀನಿ. ನನ್ನ ಹಾಲಲ್ಲಿ ಏನಿತ್ತು?"

"ಯಾವಾಗಲೂ ಇರೋಷ್ಟೇ ಇತ್ತು ದೊನ್ಯಾ."

"ಇರೋಷ್ಟು ಅಂದ್ರೆ?"

"ಎಲ್ಲ ಕಡೆ ಒಂಚೂರು ಇರುತ್ತೆ. ಬಾಳೆಹಣ್ಣಲ್ಲೂ ಇರುತ್ತೆ."

"ನೋಡಿದ್ಯಾ, ಏನೂ ಇಲ್ಲ," ಅಂದಳು ರೆಮೀಹಿಯಾ.

"ಇದೆ ಅಂದರಲ್ಲ ಈಗ," ಅಂದಳು ನೆರೇಯ್ದಾ.

ಅಬುಂದಿಯೊ ಬೇರೆ ಮನೆಯ ಹಾಲು ತನಗೆ ನಡೆಯುವುದಿಲ್ಲ ಅಂತ ಬಾಟಲಿಯನ್ನು ನೀಲಿ ಹೂಜಿಗೇ ಬಗ್ಗಿಸಿದ. ಹಿಂದಿನ ತಿಂಗಳುಗಳ ಲೆಕ್ಕವನ್ನೂ ಆಫೀಸಿನಲ್ಲಿ ಹೇಳಿ ತೆಗೆಸಬೇಕು ಅಂದುಕೊಳ್ಳುತ್ತಾ ವ್ಯಾನು ಹತ್ತಿದ.

ನೆರೇಯ್ದಾ ಚೆಂಬಿನೊಳಗೆ ನೋಡಿದಳು. ಅದನ್ನು ಚೆಲ್ಲಿಬಿಡುತ್ತಾಳೆ ಅಂತಲೇ ವೀಚಾಗೆ ಅನ್ನಿಸಿತಂತೆ.

"ಮದ್ರೀನಾ, ನೀವು ಶುದ್ಧ ಅಂದ್ರಿ. ಅಮ್ಮ ಗೊತ್ತಿಲ್ಲ ಅಂದಿದ್ಲು," ಅಂತ ಧರ್ಮತಾಯಿಗೆ ಹೇಳಿ ನೆರೇಯ್ದಾ ಚೆಂಬು ಹಿಡಿದುಕೊಂಡೇ ತಾಯಿಯ ಅಂಗಳಕ್ಕೆ ನಡೆದಳು. ಅಂದಿನಿಂದ ಮೊಮ್ಮಗಳಿಗೆ ಅಜ್ಜಿಯ ಹಸುವಿನ ಹಾಲೇ. ನೆರೇಯ್ದಾ ಅದನ್ನು ಮತ್ತೆ ಮತ್ತೆ ಕುದಿಸುತ್ತಿದ್ದಳು. ಕುದಿಸಿದರೆ ಅದು ಹೋಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ಆದರೂ ಕುದಿಸುತ್ತಿದ್ದಳು.

ಕೊಮಾದ್ರೆಯರು ಮಳೆಗಾಲದವರೆಗೆ ಮಾತು ಬಿಟ್ಟಿದ್ದರು. ಪಲೋಮಾ ಕರು ಹಾಕಿದಾಗ ವೀಚಾಳೇ ಮೊದಲು ಹೋಗಿ ಕರುವಿನ ಮೈ ಒರೆಸಿದಳು. ವ್ಯಾನು ಮಾತ್ರ ಈಗ ಗುಡ್ಡದ ಕೆಳಗಿನ ದೋನ್ ಫೊರ್ತಿನೊನ ಮನೆಗೆ ಹೋಗುತ್ತದೆ. ಅವನಿಗೆ ಇಪ್ಪತ್ತಕ್ಕೂ ಹೆಚ್ಚು ಹಸು, ಒಂದಲ್ಲ ಒಂದು ಹಾಲು ಕೊಡುತ್ತಲೇ ಇರುತ್ತದೆ.

ಮೊನ್ನೆ ಸೋಮವಾರ ವೀಚಾ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸುತ್ತಿದ್ದಳು. ತಂತಿಯ ಆಚೆ ರೆಮೀಹಿಯಾ ಜೋಳದ ತೆನೆ ಸುಲಿಯುತ್ತಿದ್ದಳು. ವ್ಯಾನು ಧೂಳೆಬ್ಬಿಸಿಕೊಂಡು ಇಬ್ಬರ ಗೇಟನ್ನೂ ದಾಟಿ ಹೋಯಿತು. ಮಗು ಲೋಟ ಖಾಲಿ ಮಾಡಿ ಇನ್ನೂ ಬೇಕು ಅಂದದ್ದು ವೀಚಾಗೆ ಕೇಳಿಸಲಿಲ್ಲ.

"ಆ ಫೊರ್ತಿನೊ ಹಸುಗಳನ್ನ ನೋಡಿದೀಯೇನೇ?" ಅಂದಳು ತಂತಿಯ ಕಡೆಗೆ. "ಪಕ್ಕೆಲುಬು ಎಣಿಸಬಹುದು. ಅವಕ್ಕೂ ಒಂದು ವ್ಯಾನು."

"ಹೌದು ಕೊಮಾದ್ರೆ," ಅಂದಳು ರೆಮೀಹಿಯಾ. "ಗೇಟಿಗೆ ಬಣ್ಣಾನೂ ಇಲ್ಲ ಅವನದಕ್ಕೆ."