ಹಕ್ಕಿ ಕಾಯುವ ತಿಂಗಳ ಓದು

ಅಂಗಳ ಗುಡಿಸಿ ನೀರು ಹೊಡೆದೆ. ಬಾವಿಯ ನೀರು ಸೋಸಿ ಹಂಡೆ ತುಂಬಿಸಿದೆ. ರೊಟ್ಟಿ ಬಡಿದು ಅವ್ವನಿಗೂ ಮಗನಿಗೂ ಮುಚ್ಚಿಟ್ಟೆ. ಶಾಲೆಯ ಕೀಲಿ ತೆಗೆದು, ಕರಿಹಲಗೆಗೆ ಇದ್ದಿಲ ಪುಡಿ ತಿಕ್ಕಿ ಒಣಗಲು ಬಿಟ್ಟೆ. ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಸಿ, ಚಿಕ್ಕವನೊಬ್ಬನ ಮೂಗು ಒರೆಸಿ, ಹಾಜರಿ ಕರೆದೆ. ನೀಲವ್ವನ ಹೆಸರಿಗೆ ಯಾರೂ ಓ ಎನ್ನಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬಸವನ ಬಾಗೇವಾಡಿ ಕಡೆಯಿಂದ ವರ್ಗವಾಗಿ ಮುದ್ದೇಬಿಹಾಳ ತಾಲೂಕಿನ ಏಕೋಪಾಧ್ಯಾಯ ಶಾಲೆಯೊಂದಕ್ಕೆ ಬಂದಿದ್ದೆ. ಎಂದರೆ ನಾಲ್ಕೂ ಇಯತ್ತೆಗಳಿಗೆ ನಾನೊಬ್ಬಳೇ. ಗಂಟೆ ಬಾರಿಸುವವಳೂ ನಾನೇ. ತಂಗಡಗಿಯ ಬಸ್ಸು ಇಳಿದು ಎರೆಹೊಲಗಳ ನಡುವೆ ನಡೆದೇ ಊರು ಸೇರಬೇಕು. ಪಠ್ಯಪುಸ್ತಕ ಬಿಟ್ಟರೆ ಅಲ್ಲಿ ಓದಲು ಇದ್ದದ್ದು ನಾನು ಬಿಜಾಪುರದಿಂದ ತಂದಿದ್ದ ಕೆಲವು ಮಕ್ಕಳ ಕಥೆ ಪುಸ್ತಕಗಳಷ್ಟೇ.

ಚಳಿಯ ದಿನಗಳಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬುತ್ತದೆ. ಗುಬ್ಬಿ, ಗಿಳಿ ಹಿಂಡುಗಟ್ಟಿ ಇಳಿಯುತ್ತವೆ. ಗೂಟಗಳ ಮೇಲೆ ಕಟ್ಟಿದ ಅಟ್ಟಣಿಗೆ ಏರಿ, ಕವಣೆ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯುವುದು ಮಕ್ಕಳ ಪಾಲಿನ ಕೆಲಸ. ಆ ತಿಂಗಳು ಶಾಲೆ ಅರ್ಧ ಖಾಲಿ. ಹೆಚ್ಚಿನವರು ಕೊಯ್ಲು ಮುಗಿದ ಮೇಲೆ ತಾವಾಗಿಯೇ ಮರಳುತ್ತಿದ್ದರು. ನೀಲವ್ವನ ವಿಷಯ ಹಾಗಲ್ಲ. ಅವಳು ನಾಲ್ಕನೆಯ ಇಯತ್ತೆ. ಹೆಸರು ಬರೆಯಲು ಬಂತು, ಹುಡುಗಿಗೆ ಅಷ್ಟು ಸಾಕು, ಇನ್ನು ಕಳಿಸುವುದಿಲ್ಲ ಎಂದು ಅವಳಪ್ಪ ಸಂಗಪ್ಪ ಹೇಳಿಬಿಟ್ಟಿದ್ದ. ವಾರ್ಷಿಕ ಪರೀಕ್ಷೆಗೆ ಕೂರದಿದ್ದರೆ ಅವಳ ಓದು ಅಲ್ಲಿಗೆ ನಿಂತಂತೆಯೇ. ದೋಣಿ ಹತ್ತಿದ ಇಲಿಯೊಂದರ ಕಥೆಯನ್ನು ಅವಳು ನಡುವಿಗೇ ಬಿಟ್ಟು ಹೋಗಿದ್ದಳು.

ಶಾಲೆ ಬಿಟ್ಟ ಮೇಲೆ ಆ ಪುಸ್ತಕ ಹಿಡಿದು ಹೊಲಕ್ಕೆ ಹೋದೆ. ಸಂಗಪ್ಪ ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಕೊಡಲು ಬಂದದ್ದು ಏನೆಂದು ತಿಳಿದೊಡನೆ ತಲೆಯಾಡಿಸಿದ.

“ಕಣ್ಣ ಪುಸ್ತಕದಾಗ ಇಟ್ರ ತೆನಿ ಯಾರ ನೋಡಬೇಕ್ರಿ ಅಕ್ಕೋರ? ಹಂಗಾರ ಗುಬ್ಬಿಗೂ ಸಾಲಿ ಕಲಸ್ರಿ, ತಿನ್ನಬ್ಯಾಡ್ರಿ ಅಂತ.”

ಅಟ್ಟಣಿಗೆಯ ಮೇಲಿಂದ ನೀಲವ್ವನೇ ಹೇಳಿದಳು: “ಯಪ್ಪಾ, ಒದರಿ ಓದ್ತೇನಿ. ಹೆಂಗೂ ನೀ ಒದರು ಅಂತೀಯಲ್ಲ.”

ತರಗತಿಯಲ್ಲಿ ಅವಳ ದನಿ ಮುಂದಿನ ಸಾಲಿಗೂ ಕೇಳುತ್ತಿರಲಿಲ್ಲ. ಆ ಸಂಜೆ ಇಲಿ ದೋಣಿ ಹತ್ತಿದ್ದು ಮೂರು ಹೊಲಕ್ಕೆ ಕೇಳಿತು. ಗುಬ್ಬಿಗಳ ಹಿಂಡು ಭರ್ರೆಂದು ಎದ್ದಿತು. ಸಂಗಪ್ಪ ಅದನ್ನೇ ನೋಡುತ್ತಿದ್ದು, ನಾಳೆ ಒಂದು ದಿನ ನೋಡೋಣ ಎಂದ. ಆ ನಾಳೆ ದಿನದಿಂದ ದಿನಕ್ಕೆ ಮುಂದುವರಿಯಿತು.

ಶಿಕ್ಷಕರ ತರಬೇತಿಯಲ್ಲಿ ನಮಗೆ ವಾಚನ ಕಲಿಸುವ ಪದ್ಧತಿಗಳನ್ನು ಹೇಳಿಕೊಟ್ಟಿದ್ದರು; ಹಕ್ಕಿ ಓಡಿಸುವ ವಾಚನ ಅದರಲ್ಲಿ ಇರಲಿಲ್ಲ. ಅವಳು ಪೂರ್ಣವಿರಾಮಕ್ಕೂ ನಿಲ್ಲದೆ ಓಡುತ್ತಿದ್ದಳು. ತಿದ್ದಹೋದರೆ, “ನಿಂತ್ರ ಇಳೀತಾವ್ರಿ ಅಕ್ಕೋರ” ಎಂದಳು. ನಾನು ತಿದ್ದುವುದನ್ನು ಬಿಟ್ಟೆ.

ಕೆಲವು ದಿನ ಕಳೆದು ಒಂದು ಮುಂಜಾನೆ, ಪ್ರಾರ್ಥನೆಗೆ ಮೊದಲೇ, ಪಕ್ಕದ ಹೊಲದ ಹುಸೇನಸಾಬ ಶಾಲೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದ.

“ನಿಮ್ಮ ಇಲಿ ಕಥಿ ಸಂಗಪ್ಪನ ಹೊಲದಾಗ ನಡದೈತಿ, ಗುಬ್ಬಿ ಎಲ್ಲಾ ನನ್ನ ಹೊಲದಾಗ ಇಳ್ಯಾಕತ್ತಾವ. ಇದೇನ ನ್ಯಾಯರಿ? ನಮ್ಮ ದಾವಲಬೀಗೂ ಒಂದ ಬುಕ್ ಕೊಡ್ರಿ.”

ದಾವಲಬಿ ಅವನ ಮಗಳು. ಒಂದು ದಿನವೂ ಶಾಲೆಗೆ ಬಂದವಳಲ್ಲ. “ಬುಕ್ ಕೊಡ್ತೇನ್ರಿ,” ಎಂದೆ, “ಆದ್ರ ಓದೂದು ಕಲಿಯಾಕ ಆಕಿನ್ನ ಕಳಸಬೇಕಾಗ್ತೈತಿ.” ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು, ಸಂಗಪ್ಪನ ಹೊಲದ ಕಡೆ ನಡೆದ.

ಮರುದಿನವೇ ಎರಡು ಹೊಲಗಳ ನಡುವಿನ ಬದುವಿನ ಮೇಲೆ ಒಂದೇ ಅಟ್ಟಣಿಗೆ ಎದ್ದಿತು. ಮುಂಜಾನೆ ದಾವಲಬಿ ಡಬ್ಬಿ ಬಡಿದು ಎರಡೂ ಹೊಲ ಕಾಯುವುದು, ನೀಲವ್ವ ಶಾಲೆಗೆ ಬರುವುದು; ಮಧ್ಯಾಹ್ನ ನೀಲವ್ವ ಕಾಯುವುದು, ದಾವಲಬಿ ಬಂದು ಒಂದನೆಯ ಇಯತ್ತೆಯ ಚಿಕ್ಕ ಮಕ್ಕಳ ನಡುವೆ ಕೂರುವುದು. ಏರ್ಪಾಡು ಇಬ್ಬರು ರೈತರದೇ. ನನ್ನನ್ನು ಯಾರೂ ಕೇಳಿರಲಿಲ್ಲ.

ಕೊಯ್ಲು ಮುಗಿಯಿತು. ಎಲ್ಲ ಮಕ್ಕಳೂ ಮರಳಿದರು, ಆ ಇಬ್ಬರನ್ನು ಬಿಟ್ಟು. ಸಂಜೆ ಸಂಗಪ್ಪನ ಮನೆಗೆ ಹೋದೆ. ವಿದ್ಯೆಯ ಉಪಯೋಗ, ಪರೀಕ್ಷೆ, ಮುಂದಿನ ಇಯತ್ತೆ, ಎಲ್ಲ ಹೇಳಿದೆ. ಅವನು ಎತ್ತಿನ ಬೆನ್ನು ನೀವುತ್ತ ಮರ್ಯಾದೆಯಿಂದ ಕೇಳಿಸಿಕೊಂಡ. ಮನೆಯಲ್ಲಿ ಕೆಲಸಕ್ಕೆ ಕೈ ಬೇಕು ಎಂದಷ್ಟೇ ಅಂದ. ಬಾಗಿಲ ಸಂದಿಯಲ್ಲಿ ನೀಲವ್ವ ನಿಂತಿದ್ದಳು.

ಅಷ್ಟರಲ್ಲಿ ಹುಸೇನಸಾಬ ಬಂದ. ದಾವಲಬಿ ಒಬ್ಬಳೇ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳಂತೆ. ಅವನು ವಿದ್ಯೆಯ ಮಾತನ್ನೇ ಎತ್ತಲಿಲ್ಲ.

“ಸಂಗಪ್ಪಣ್ಣಾ, ನಂದೊಂದ ಮುಯ್ಯಿ ನಿನ್ನ ಕಡೆ ಉಳದೈತಿ.”

ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರೆ ಅದನ್ನು ದುಡಿಮೆಯಿಂದಲೇ ತೀರಿಸುವುದು ಮುಯ್ಯಿ. ಅದನ್ನು ಉಳಿಸಿಕೊಂಡವನನ್ನು ಆ ಊರಲ್ಲಿ ಯಾರೂ ಮತ್ತೆ ಕೆಲಸಕ್ಕೆ ಕೂಡಿಸಿಕೊಳ್ಳುತ್ತಿರಲಿಲ್ಲ.

“ಯಾವ ಮುಯ್ಯಿಲೇ? ಮುಂಜಾನಿ ನಿನ್ನ ಮಗಳು ಕಾದ್ಲು, ಮಧ್ಯಾಹ್ನ ನನ್ನ ಮಗಳು ಕಾದ್ಲು. ತೀರಿತಲ್ಲ.”

“ಮುಂಜಾನಿ ಹಕ್ಕಿ ರಾತ್ರಿಯೆಲ್ಲಾ ಉಪಾಸ ಇದ್ದು ಬಂದಿರ್ತಾವ. ಮಧ್ಯಾಹ್ನದ ಹಕ್ಕಿ ಹೊಟ್ಟಿ ತುಂಬಿ ಗಿಡದಾಗ ಮಲಗಿರ್ತಾವ. ಎರಡೂ ಒಂದ ಏನೋ? ಉಳದದ್ದ ನೀಲವ್ವ ತೀರಸ್ಲಿ. ಪರೀಕ್ಷಾ ಮುಗಿಯೂ ತನಕಾ ದಿನಾ ನನ್ನ ಮಗಳ್ನ ಸಾಲಿಗಿ ಕರಕೊಂಡ ಹೋಗ್ಲಿ.”

ಸಂಗಪ್ಪ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ಹಕ್ಕಿಯ ಹಸಿವು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೊನೆಗೆ ನಗು ತಡೆಯಲಾರದೆ ಬಾಗಿಲ ಕಡೆ ತಿರುಗಿ, “ನೀಲಾ, ನಾಳಿ ಪಾಟಿ ತಗೊಂಡ ಹೋಗ” ಎಂದ.

ಆ ವರ್ಷ ನೀಲವ್ವ ಪರೀಕ್ಷೆಗೆ ಕೂತು ಪಾಸಾದಳು. ಮಕ್ಕಳನ್ನು ಕರೆಯಲು ಮನೆಗಳಿಗೆ ಹೋದಾಗ ವಿದ್ಯೆಯ ಮಹತ್ವ ಹೇಳುವುದನ್ನು ನಾನು ಅಂದಿನಿಂದ ಕಡಿಮೆ ಮಾಡಿದೆ. ಆ ಮನೆಯವರು ನೆರೆಯಲ್ಲಿ ಯಾರ ಮಾತಿಗೆ ಇಲ್ಲ ಎನ್ನಲಾರರು ಎಂದು ಮೊದಲು ವಿಚಾರಿಸುತ್ತಿದ್ದೆ. ಎಲ್ಲಿ ವರ್ಗವಾದರೂ ಈ ಪಾಠ ಕೈಬಿಡಲಿಲ್ಲ.

ಸಂಗಪ್ಪ ಒಪ್ಪಿದ ಆ ಸಂಜೆ ಅವನ ಹೆಂಡತಿ ಹೊಸ ಜೋಳದ ಹಿಟ್ಟು ಕಟ್ಟಿಕೊಟ್ಟಳು. ರಾತ್ರಿ ನಮ್ಮ ಮನೆಯಲ್ಲಿ ಅದರದೇ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಮೊಸರು. ಮಗ ರೊಟ್ಟಿ ಕೈಯಲ್ಲಿ ಹಿಡಿದೇ ತೂಕಡಿಸಿ ಎಲ್ಲರಿಗಿಂತ ಮೊದಲು ಮಲಗಿದ. ಅವ್ವ ಅವನ ಕೈ ಒರೆಸಿ ಕೌದಿ ಹೊದಿಸಿದಳು.