ಹೂವುಗಳಿಗೇ ಮುಗಿದ ರೀಲು

ಅರವತ್ತರ ದಶಕದ ಆರಂಭದಲ್ಲಿ ನಾನು ಕುವೈತಿನ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಂಗಳೂರಿನ ಬಂದರಿನಲ್ಲಿ ತಂದೆಯವರದೂ ಅಂಥದೇ ಅಂಗಡಿಯಾದ್ದರಿಂದ ಆ ಕೆಲಸ ನನಗೆ ಹೊಸದಾಗಿರಲಿಲ್ಲ. ಹೊಸದೆಂದರೆ, ಊರಿಗೆ ಮರಳುತ್ತಿದ್ದ ಒಬ್ಬರಿಂದ ಕೊಂಡ ಡಬ್ಬಿ ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡು ಫೋಟೊ.

ಅಲ್ಲಿ ನನಗೆ ಹತ್ತಿರದವನಾಗಿದ್ದವನು ನಮ್ಮೂರಿನದೇ ಮೀನುಗಾರರ ಮನೆಯವನು. ನನಗಿಂತ ಆರೇಳು ವರ್ಷ ದೊಡ್ಡವನು, ಸರಕು ಸಾಗಿಸುವ ಲಾಂಚಿನಲ್ಲಿ ದುಡಿಯುತ್ತಿದ್ದ. ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನ ತಾಯಿ ಉರ್ವ ಮಾರ್ಕೆಟಿನಲ್ಲಿ ಮೀನು ಮಾರುವವರು.

ಆ ಚಳಿಗಾಲ ಮರುಭೂಮಿಯಲ್ಲಿ ಒಳ್ಳೆಯ ಮಳೆಯಾಯಿತು. ಒಂದು ಶುಕ್ರವಾರ ಇಬ್ಬರೂ ಪೇಟೆಯಾಚೆ ಹೋದೆವು. ಬರೀ ಮರಳಿದ್ದ ಕಡೆ ನೆಲವೆಲ್ಲ ಹೂವು: ಮೊಣಕಾಲೆತ್ತರದ ಹಳದಿ, ಮರಳಿಗೆ ಅಂಟಿಕೊಂಡ ಬಿಳಿ, ಬೆರಳುಗುರಿನಷ್ಟು ನೇರಳೆ. ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. ಹುಚ್ಚು ಹಿಡಿದವನಂತೆ ಮೊಣಕಾಲೂರಿ, ಒಂದೊಂದರ ಹತ್ತಿರ ಹೋಗಿ ಫೋಟೊ ತೆಗೆದೆ.

"ನನ್ನದೂ ಒಂದು ತೆಗೆ ಮಾರಾಯ. ಅಮ್ಮನಿಗೆ ಕಳಿಸ್ಬೇಕು," ಅಂದ ಅಣ್ಣ.

"ಇನ್ನು ಎರಡೇ ಉಂಟು ಅಣ್ಣ. ಮುಂದಿನ ರೀಲಿನಲ್ಲಿ ಮೊದಲು ನಿನ್ನದೇ ತೆಗೀತೇನೆ."

ಅವನು ನಕ್ಕ. ಗಾಳಿಗೆ ಹಳದಿ ಹೂವು ಅಲ್ಲಾಡುತ್ತಿದ್ದುದನ್ನು ಕಂಡು, ತಾನೇ ಕುಕ್ಕರಗಾಲಲ್ಲಿ ಕೂತು ಅದರ ದಂಟು ಹಿಡಿದುಕೊಂಡ. ಕೊನೆಯ ಎರಡೂ ಆ ಹೂವಿಗೇ ಹೋದವು.

ಮೂರು ವಾರದ ಮೇಲೆ ಬಿರುಗಾಳಿಗೆ ಅವನ ಲಾಂಚು ಮುಳುಗಿತು. ಹೆಣವೂ ಸಿಗಲಿಲ್ಲ. ನಾನಿನ್ನೂ ಮುಂದಿನ ರೀಲು ಕೊಂಡಿರಲಿಲ್ಲ.

ಮರುವರ್ಷ ಊರಿಗೆ ಬಂದಾಗ ಆ ರೀಲನ್ನು ಹಂಪನಕಟ್ಟೆಯ ಸ್ಟುಡಿಯೊಕ್ಕೆ ಕೊಟ್ಟೆ. ಹನ್ನೆರಡೂ ಮಸುಕು.

"ಇದು ಹತ್ತಿರದ್ದು ಹಿಡಿಯುವ ಕ್ಯಾಮೆರಾ ಅಲ್ಲ ಮಾರಾಯ್ರೆ," ಎಂದರು ಸ್ಟುಡಿಯೊದವರು. "ಆರಡಿಯಾದರೂ ದೂರ ಬೇಕು. ಜನರದ್ದು ತೆಗೆದಿದ್ದರೆ ಚಂದ ಬರ್ತಿತ್ತು."

ಕೊನೆಯ ಫೋಟೊದಲ್ಲಿ ದಂಟು ಹಿಡಿದ ಅಣ್ಣನ ಕೈಯಿತ್ತು. ಅದೂ ಮಸುಕೇ.

ನಾನು ಬಂದ ಸುದ್ದಿ ತಿಳಿದು ಅವನ ತಾಯಿ ಮನೆಗೆ ಬಂದರು. ಬುಟ್ಟಿ ಹೊರಗಿಟ್ಟು ಜಗಲಿಯ ಅಂಚಿನಲ್ಲಿ ಕೂತರು. "ನಿನ್ನ ಹತ್ರ ಕ್ಯಾಮೆರಾ ಉಂಟು, ಫೋಟೊ ತೆಗೆಸಿ ಕಳಿಸ್ತೇನೆ ಅಂತ ಕಾಗದ ಬರೆಸಿದ್ದ. ಮನೆಯಲ್ಲಿ ಅವನದ್ದು ಒಂದೂ ಇಲ್ಲ ಮಗ. ನೀನು ತೆಗೆದದ್ದು ಉಂಟಾ?"

"ತೆಗೆದಿದ್ದೆ. ಫಿಲ್ಮು ಹಾಳಾಯಿತು," ಅಂದುಬಿಟ್ಟೆ.

"ಅದಕ್ಕೆ ನೀನು ಎಂತ ಮಾಡ್ಲಿಕ್ಕುಂಟು," ಎಂದು ನನ್ನನ್ನೇ ಸಮಾಧಾನ ಮಾಡಿ ಎದ್ದರು. ಹೋಗುವಾಗ ನನ್ನ ತಾಯಿಗೆ ನಾಲ್ಕು ಬಂಗುಡೆ ಕೊಟ್ಟು ಹೋದರು. ಅಂದಿನ ಮೀನುಸಾರನ್ನು ನಾನು ಮುಟ್ಟಲಿಲ್ಲ.

ಹತ್ತು ದಿನ ತಡೆದೆ. ಆಮೇಲೆ ಕೈಯಿದ್ದ ಫೋಟೊ ಹಿಡಿದು ಉರ್ವ ಮಾರ್ಕೆಟಿಗೆ ಹೋದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಮಸುಕಿನಲ್ಲೂ ಗುರುತು ಸಿಗುತ್ತಿದ್ದ, ಹಿಂದೆ ಬಲೆಯ ಹಗ್ಗಕ್ಕೆ ಸಿಕ್ಕಿ ಡೊಂಕಾಗಿದ್ದ ಅವನ ಕಿರುಬೆರಳಿನ ಮೇಲೆ ಹೆಬ್ಬೆರಳಿಟ್ಟು ತುಂಬ ಹೊತ್ತು ನೋಡಿದರು.

"ಅವನದ್ದೇ," ಎಂದರು. "ಫಿಲ್ಮು ಹಾಳಾಗಿರ್ಲಿಲ್ವಾ ಹಾಗಾದರೆ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೇಳಿದ್ದು, ನಾನು ಹೂವಿಗಾಗಿ ಇಲ್ಲವೆಂದದ್ದು.

"ಬೇಜಾರು ಮಾಡಿದನಾ?"

"ಇಲ್ಲ. ನಕ್ಕ."

"ನಗುವವನೇ ಅವನು," ಎಂದರು. ಫೋಟೊವನ್ನು ಬೆಳಕಿಗೆ ಹಿಡಿದು, "ಕೈ ನನಗೆ ನೆನಪುಂಟು. ಮುಖವೇ ಈಗೀಗ ಸರಿಯಾಗಿ ಬರುವುದಿಲ್ಲ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಫೋಟೊವನ್ನು ಎಲೆಯಡಿಕೆಯ ಚೀಲಕ್ಕೆ ಸೇರಿಸಿ, ಅಷ್ಟರಲ್ಲಿ ಬಂದ ಗಿರಾಕಿಗೆ ಬೂತಾಯಿ ಮೀನು ಎಣಿಸತೊಡಗಿದರು. ನಾನು ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದೆ. ನಿಜ ಹೇಳಿದರೆ ಹಗುರಾಗುತ್ತದೆಂದುಕೊಂಡಿದ್ದೆ, ಆಗಲಿಲ್ಲ.