ಕುಬಸದ ಅಳತೆಗೆ ನುಂಗಿದ ಮಾತ್ರೆ

ಕೋವಿಡ್ ಗದ್ದಲ ಅಡಗಿದ ಮರುವರ್ಷ. ನಾನಾಗ ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಜಿಶಿಯನ್ ಆಗಿದ್ದೆ. ಬೇಸಿಗೆಯ ಒಂದು ಸಂಜೆ ಕಮತಗಿಯಿಂದ ಸಾವಿತ್ರಿ ಎಂಬ ಇಪ್ಪತ್ತಾರರ ಹುಡುಗಿಯನ್ನು ಸ್ಟ್ರೆಚರ್ ಮೇಲೆ ತಂದರು. ಬಲಗೈ, ಬಲಗಾಲು ಎತ್ತಲಾಗುತ್ತಿರಲಿಲ್ಲ. ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಮದುವೆಗೆ ಮೂರೇ ವಾರ ಉಳಿದಿದೆ ಎಂದರು.

ಅದು ಪಾರ್ಶ್ವವಾಯು, ಸ್ಟ್ರೋಕ್. ನಾಡಿ ನಿಮಿಷಕ್ಕೆ ನೂರೈವತ್ತು, ಅದೂ ಲಯ ತಪ್ಪಿ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತು. ಹೃದಯದ ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ನಡುಗುವ ಸ್ಥಿತಿ ಇದು. ಆಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಹೀಗಾಗುತ್ತದೆ.

"ಯಾವಾಗ ಬಿದ್ಲು?" ಎಂದು ತಾಯಿಯನ್ನು ಕೇಳಿದೆ.

"ಮುಂಜಾನೆ ಹಲ್ಲು ತಿಕ್ಕೂ ಮುಂದ ಬಿದ್ಲರಿ. ಬೀಗರು ಲಗ್ನದ ಮಾತಿಗೆ ಬಂದಿದ್ರು. ಕೂಡಲಸಂಗಮಕ್ಕ ಹೋಗ್ಯಾಳ ಅಂತ ಹೇಳಿ ಒಳಗ ಮಲಗಿಸಿದ್ವಿ. ಅವರು ಹೋಗೂತನ ಹೊರಗ ಹ್ಯಾಂಗ ತರೂದ್ರಿ?"

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಬೀಗರು ಉಂಡು, ಎಲೆ ಅಡಿಕೆ ಹಾಕಿಕೊಂಡು ಏಳುವಷ್ಟರಲ್ಲಿ ಆ ಗಡುವು ಮುಗಿದಿತ್ತು. ನನಗೆ ಆ ತಾಯಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಈ ವಯಸ್ಸಿನಲ್ಲಿ ಹೃದಯ ಹೀಗೇಕೆ ಕೆಟ್ಟಿತು? ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಮಿತಿಮೀರಿತ್ತು. ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಮಾತ್ರ ಯಾವ ಬಾವೂ ಇಲ್ಲ, ಅಂದರೆ ಹಾರ್ಮೋನ್ ಹೊರಗಿನಿಂದ ಬಂದಿರಬಹುದು. "ಏನ್ ಗುಳಿಗಿ ತಗೋತಿದ್ಲು?" ಎಂದು ಕೇಳಿದಾಗ ತಂಗಿ ರೇಣುಕಾ ಅಳುತ್ತ ಬಾಯಿಬಿಟ್ಟಳು.

ಗಂಡಿನವರು ನಿಶ್ಚಯಕ್ಕೆ ಇಳಕಲ್ ಸೀರೆಯ ಜೊತೆ ರವಿಕೆಗೆಂದು ಖಣ ಕೊಡುವುದು ನಮ್ಮ ಕಡೆಯ ಪದ್ಧತಿ. ಅದರಿಂದ ಹೆಣ್ಣಿನವರು ಹುಡುಗಿಯ ಅಳತೆಗೆ ಕುಬಸ ಹೊಲಿಸಿಕೊಳ್ಳುತ್ತಾರೆ. ಈ ಅಮೀನಗಡದ ಬೀಗತಿ, ಹುಡುಗನ ತಾಯಿ, ತಾನೇ ಹೊಲಿಸಿಕೊಂಡು ಬಂದಿದ್ದಳು, ನಾಲ್ಕು ಬೆರಳು ಬಿಗಿಯಾಗಿ. "ಲಗ್ನದ ಅಕ್ಕಿಕಾಳಿನ ಹೊತ್ತಿಗೆ ಇದು ನಿನಗ ಬರಬೇಕ್ ನೋಡವಾ" ಎಂದು ಎಲ್ಲರೆದುರು ನಕ್ಕಿದ್ದಳಂತೆ.

ಸಾವಿತ್ರಿ ಆಗ ಎಂಬತ್ತನಾಲ್ಕು ಕೆ.ಜಿ. ಅವಳ ಚಿಕ್ಕಮ್ಮ ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗಿ ತೆಳ್ಳಗಾಗಿದ್ದಳು. ತಾಯಿ ಅದೇ ಮಾತ್ರೆಯನ್ನು ದಿನಕ್ಕೆ ಮೂರರಂತೆ ನಾಲ್ಕು ತಿಂಗಳು ಮಗಳ ಬಾಯಿಗೆ ಹಾಕಿದಳು. ಹದಿನಾರು ಕೆ.ಜಿ. ಇಳಿಯಿತು, ಮನೆಯವರಿಗೆಲ್ಲ ಹಿಗ್ಗೋ ಹಿಗ್ಗು. ಎದೆ ಡವಡವ ಅಂತದ, ಕೈ ನಡುಗತಾವ ಎಂದು ಅವಳು ಹೇಳಿದರೆ ಲಗ್ನದ ಗಾಬರಿ ಎಂದು ನಕ್ಕರು.

ಅವಳ ತೂಕ ಇಳಿಯಬೇಕಿತ್ತು, ಸುಳ್ಳಲ್ಲ. ಅತಿತೂಕ ವರ್ಷಗಟ್ಟಲೆ ಉಳಿದರೆ ಬಿ.ಪಿ., ಸಕ್ಕರೆ ಏರಿ ಹೃದಯ, ಮಿದುಳು ಎರಡಕ್ಕೂ ಪೆಟ್ಟು. ಆದರೆ ಅದು ಊಟದ ಹಿಡಿತದಿಂದ, ನಡಿಗೆಯಿಂದ ನಿಧಾನವಾಗಿ ಇಳಿಯಬೇಕು. ಕೊರತೆ ಇಲ್ಲದವರಿಗೆ ಈ ಮಾತ್ರೆ ಕೊಡುವುದು ಬಂಡಿ ಹಗುರಾಗಲಿ ಎಂದು ಎತ್ತಿಗೆ ಬಾರುಕೋಲಿನಿಂದ ಹೊಡೆದಂತೆ.

ಐದನೆಯ ದಿನ ಬೀಗತಿ ವಾರ್ಡಿಗೆ ಬಂದಳು. ಹಾಸಿಗೆಯ ಪಕ್ಕ ನಿಂತು ಸಾವಿತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೈಯೇನೋ ಸಣ್ಣ ಆಗೇತಿ. ಕೈ ಹೋತಲ್ಲ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, "ಲಗ್ನಪತ್ರಿಕಾ ಹಂಚೀವಿ, ಮುಹೂರ್ತ ಬಿಡಾಕ ಬರೂದಿಲ್ಲ. ಸಣ್ಣಾಕೀನ್ನ ಕೊಡ್ರಿ," ಎಂದಳು.

ತಾಯಿ ಹೂಂ ಎಂದು ತಲೆಯಾಡಿಸಿದಳು. ಅಲ್ಲೇ ನಿಂತಿದ್ದ ರೇಣುಕಾಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಈಕಿಗೆ ಕೈಕಾಲು, ಬಾಯಿ ಅಷ್ಟ ಹೋಗ್ಯಾವ. ಕಿವಿ, ಬುದ್ಧಿ ಎಲ್ಲಾ ನೆಟ್ಟಗ ಅದಾವ. ನೀವು ಆಡೂದೆಲ್ಲಾ ತಿಳೀತೈತಿ," ಎಂದೆ.

ಬೀಗತಿ ಸೆರಗು ಸರಿಮಾಡಿಕೊಂಡಳು. "ತಿಳದ್ರ ಛಲೋ ಆತಲ್ರಿ ಡಾಕ್ಟರ್ ಬಾಯಾರ. ಬ್ಯಾರೆ ಹೇಳೂದು ಉಳೀತು."

ಸಾವಿತ್ರಿ ಎಡಗೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳು.

ಮದುವೆ ಅದೇ ಮುಹೂರ್ತಕ್ಕೆ ಆಯಿತು, ರೇಣುಕಾಳ ಜೊತೆ. ಸಾವಿತ್ರಿಗೆ ಸ್ಪೀಚ್ ಥೆರಪಿಯಿಂದ ಬಿಡಿಬಿಡಿ ಮಾತುಗಳು ಬಂದವು. ತರಗತಿಗೆ ಹೋಗಿ ಕಲಿಸುವಷ್ಟು ಬರಲಿಲ್ಲ.

ತೂಕ ಇಳಿಸಬೇಕು ಎಂದು ಈಗ ಯಾವ ಹುಡುಗಿ ಬಂದರೂ ಮೊದಲು ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತೇನೆ. "ಯಾರ ಸಲುವಾಗಿ ಇಳಸಾಕತ್ತೀಯವಾ?" ಎಂದು ಕೇಳುತ್ತೇನೆ. ಬಿ.ಪಿ. ನೋಡುವುದು ಆಮೇಲೆ.